ಪಂಜರದಿಂದ ಹೊರಬಂದವನಿಗೆ ಪಿಂಚಣಿ ಎಲ್ಲಿ?

ಪಂಜರದೊಳಗೆ ಆಡುವ ಮಿಶ್ರ ಸಮರಕಲೆಯ ಹೋರಾಟಗಾರ ಚಕ್ ಲಿಡೆಲ್ ಕೊನೆಯ ಸಲ ಕಾದಾಡಿದ್ದು 2018ರ ನವೆಂಬರ್ 24ರಂದು, ಲಾಸ್ ಏಂಜಲೀಸ್ ಪಕ್ಕದ ಇಂಗಲ್‌ವುಡ್‌ನಲ್ಲಿ. ವಯಸ್ಸು 48. ಎದುರಿಗಿದ್ದದ್ದು ಟಿಟೊ ಓರ್ಟಿಜ್, 2004ರಲ್ಲೊಮ್ಮೆ 2006ರಲ್ಲೊಮ್ಮೆ ಲಿಡೆಲ್ ಕೈಯಲ್ಲಿ ಗುದ್ದಿಸಿಕೊಂಡು ಸೋತಿದ್ದವರು. ಈ ಸಲ ಎಲ್ಲ ತಿರುವುಮುರುವು. ಮೊದಲ ಸುತ್ತು ಮುಗಿಯುವ ಮೊದಲೇ ಓರ್ಟಿಜ್‌ರ ಬಲಗೈ ಏಟಿಗೆ ಲಿಡೆಲ್ ಕುಸಿದು ಬಿದ್ದರು. ಆ ಏಟಿಗಿಂತ ಅದರ ಹಿಂದಿನ ನಾಲ್ಕು ನಿಮಿಷವನ್ನು ನೋಡುವುದೇ ಹೆಚ್ಚು ಕಷ್ಟವಾಗಿತ್ತು. ಹೆಜ್ಜೆ ಭಾರ, ಕೈ ತಡ, ಬರುತ್ತಿರುವ ಗುದ್ದು ಕಣ್ಣಿಗೆ ಬಿದ್ದರೂ ತಲೆ ಪಕ್ಕಕ್ಕೆ ಸರಿಯುತ್ತಿರಲಿಲ್ಲ.

ಮಾರನೆಯ ದಿನದಿಂದ ಬೈಗುಳದ ಸುರಿಮಳೆ. ಪಂದ್ಯ ಏರ್ಪಡಿಸಿದ ಆಸ್ಕರ್ ಡಿ ಲಾ ಹೋಯಾ ದುಡ್ಡಿನ ಹಸಿವಿನವರು, ಪರವಾನಗಿ ಕೊಟ್ಟ ಕ್ಯಾಲಿಫೋರ್ನಿಯಾ ಕ್ರೀಡಾ ಆಯೋಗಕ್ಕೆ ಕಣ್ಣಿಲ್ಲ, ಲಿಡೆಲ್‌ಗೆ ಬುದ್ಧಿಯಿಲ್ಲ. ಎಲ್ಲರಿಗಿಂತ ಜೋರಾಗಿ ಕೂಗಿದವರು ಇಂಥ ಪಂದ್ಯ ನಡೆಸುವ ಕಂಪನಿ ಅಲ್ಟಿಮೇಟ್ ಫೈಟಿಂಗ್ ಚಾಂಪಿಯನ್‌ಷಿಪ್, ಅಂದರೆ ಯುಎಫ್‌ಸಿಯ ಯಜಮಾನ ಡೇನಾ ವೈಟ್. ಐವತ್ತರ ಹೊಸ್ತಿಲಲ್ಲಿರುವವರನ್ನು ಮತ್ತೆ ಕಣಕ್ಕಿಳಿಸಿದ್ದು ತಪ್ಪು ಎಂಬುದು ಅವರ ವಾದ. ಮಾತು ಸರಿ. ಆದರೆ ಆ ಮಾತಾಡುವ ಹಕ್ಕು ಅವರಿಗಿತ್ತೇ? ಇರಲಿಲ್ಲ ಎನ್ನುವುದು ನನ್ನ ತಕರಾರು. ಲಿಡೆಲ್‌ರನ್ನು ಇಂಗಲ್‌ವುಡ್‌ಗೆ ತಂದು ನಿಲ್ಲಿಸಿದ ದಾರಿಯ ಅರ್ಧಭಾಗ ಹಾಕಿಕೊಟ್ಟದ್ದು ಯುಎಫ್‌ಸಿಯೇ.

ಸ್ವಲ್ಪ ಹಿಂದಕ್ಕೆ ಹೋಗೋಣ. ಅಕೌಂಟಿಂಗ್‌ನಲ್ಲಿ ಪದವಿ ಪಡೆದಿದ್ದ ಲಿಡೆಲ್ ಯುಎಫ್‌ಸಿಗೆ ಕಾಲಿಟ್ಟದ್ದು 1998ರಲ್ಲಿ. ಆಗ ಅದು ಅಮೆರಿಕದ ಎಷ್ಟೋ ರಾಜ್ಯಗಳು ನಿಷೇಧಿಸಿದ್ದ, ಮರ್ಯಾದಸ್ಥರು ಮುಖ ತಿರುಗಿಸುತ್ತಿದ್ದ ಆಟ. 2001ರಲ್ಲಿ ಫರ್ಟಿಟಾ ಸಹೋದರರು ಇಡೀ ಕಂಪನಿಯನ್ನು 20 ಲಕ್ಷ ಡಾಲರಿಗೆ ಕೊಂಡರು. ಅವರನ್ನು ಆ ವ್ಯಾಪಾರಕ್ಕೆ ಎಳೆದ ಡೇನಾ ವೈಟ್ ಅದಕ್ಕೂ ಮುಂಚೆ ಲಿಡೆಲ್, ಓರ್ಟಿಜ್ ಇಬ್ಬರಿಗೂ ಮ್ಯಾನೇಜರ್ ಆಗಿದ್ದವರು. ಕಂಪನಿ ನಷ್ಟದಲ್ಲೇ ಮುಳುಗೇಳುತ್ತಿತ್ತು. ಅದಕ್ಕೆ ಜೀವ ಬಂದದ್ದು 2005ರಲ್ಲಿ, ‘ದಿ ಅಲ್ಟಿಮೇಟ್ ಫೈಟರ್’ ಎಂಬ ಟಿವಿ ರಿಯಾಲಿಟಿ ಷೋನಿಂದ. ಅದರ ಮೊದಲ ಸರಣಿಯ ಇಬ್ಬರು ಕೋಚ್‌ಗಳಲ್ಲಿ ಒಬ್ಬರು ಲಿಡೆಲ್, ಇನ್ನೊಬ್ಬರು ರ‍್ಯಾಂಡಿ ಕೂಟುರ್. ಸರಣಿ ಮುಗಿದ ಬೆನ್ನಿಗೇ, ಏಪ್ರಿಲ್ 16ರಂದು, ಕೂಟುರ್‌ರನ್ನು ಕೆಡವಿ ಲಿಡೆಲ್ ಲೈಟ್ ಹೆವಿವೇಟ್ ಪಟ್ಟ ಏರಿದರು. ಬೋಳಿಸಿದ ತಲೆಯ ನಡುವೆ ಜುಟ್ಟಿನಂತೆ ನಿಂತ ಕೂದಲು, ಬುರುಡೆಯ ಬದಿಗೆ ಹಚ್ಚೆ: ಆ ಮುಖವೇ ಕೆಲವು ವರ್ಷ ಯುಎಫ್‌ಸಿಯ ಜಾಹೀರಾತು. 2006ರ ಡಿಸೆಂಬರ್‌ನಲ್ಲಿ ಓರ್ಟಿಜ್ ಜೊತೆಗಿನ ಎರಡನೇ ಪಂದ್ಯವನ್ನು ಸುಮಾರು ಹತ್ತು ಲಕ್ಷ ಮನೆಗಳಲ್ಲಿ ದುಡ್ಡು ಕಟ್ಟಿ ನೋಡಿದರೆಂಬ ಅಂದಾಜಿದೆ.

2007ರ ಮೇಯಿಂದ ಇಳಿಜಾರು. ಯುಎಫ್‌ಸಿಯಲ್ಲಿ ಲಿಡೆಲ್‌ರ ಕೊನೆಯ ಆರು ಪಂದ್ಯಗಳಲ್ಲಿ ಐದು ಸೋಲು, ಅದರಲ್ಲಿ ನಾಲ್ಕು ಸಲ ಗುದ್ದು ತಿಂದು ಬಿದ್ದದ್ದು. 2009ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನಲ್ಲಿ ಶೋಗನ್ ರುವಾ ಕೈಯಲ್ಲಿ ಸೋತಾಗ, ಇನ್ನು ಸಾಕು, ಲಿಡೆಲ್ ಆಟ ಮುಗಿಯಿತು ಎಂದು ಸಾರಿದವರು ಇದೇ ವೈಟ್. ಮರುವರ್ಷ ‘ದಿ ಅಲ್ಟಿಮೇಟ್ ಫೈಟರ್’ಗೆ ಲಿಡೆಲ್–ಓರ್ಟಿಜ್ ಹಗೆ ಬೇಕಾಯಿತು, ಸಾಕು ಎಂದ ಬಾಯಿ ಮುಚ್ಚಿತು. ಓರ್ಟಿಜ್ ಕತ್ತಿನ ಶಸ್ತ್ರಚಿಕಿತ್ಸೆಗೆ ಹೋದಾಗ ಬದಲಿಗೆ ರಿಚ್ ಫ್ರ್ಯಾಂಕ್ಲಿನ್ ಬಂದರು.

ಆ ಪಂದ್ಯ ನಡೆದದ್ದು 2010ರ ಜೂನ್ 12ರಂದು, ವ್ಯಾಂಕೂವರ್‌ನಲ್ಲಿ. ನನ್ನ ಮಟ್ಟಿಗೆ ಲಿಡೆಲ್ ಬದುಕಿನ ಅತಿ ಕ್ರೂರ ಐದು ನಿಮಿಷ ಅದು. ಮೈ ಇಳಿಸಿ, ಲವಲವಿಕೆಯಿಂದ ಬಂದಿದ್ದರು. ಅವರ ಒಂದು ಒದೆತವನ್ನು ತಡೆಯಲು ಹೋಗಿ ಫ್ರ್ಯಾಂಕ್ಲಿನ್‌ರ ಎಡಗೈ ಮೂಳೆಯೇ ಮುರಿಯಿತು. ಗೆಲುವು ಕೈಗೆಟುಕುವಂತಿತ್ತು. ಮುಗಿಸಿಬಿಡೋಣವೆಂದು ಹಳೆಯ ರೀತಿಯಲ್ಲೇ ಗಲ್ಲ ತೆರೆದಿಟ್ಟುಕೊಂಡು ಮುನ್ನುಗ್ಗಿದರು; ಫ್ರ್ಯಾಂಕ್ಲಿನ್ ಉಳಿದಿದ್ದ ಬಲಗೈ ಬೀಸಿದರು. ಸುತ್ತು ಮುಗಿಯಲು ಆಗ ಐದೇ ಸೆಕೆಂಡ್ ಬಾಕಿ. ಹತ್ತು ವರ್ಷ ಹಿಂದಾಗಿದ್ದರೆ ಆ ಗಲ್ಲ ಅಂಥ ಏಟನ್ನು ನುಂಗಿಕೊಳ್ಳುತ್ತಿತ್ತು. ಮಿದುಳು ತಿಂದ ಪೆಟ್ಟುಗಳ ಲೆಕ್ಕ ಎಲ್ಲಿಯೋ ಬರೆದಿಟ್ಟಿರುತ್ತದೆ, ತರಬೇತಿಯಿಂದ ಅದನ್ನು ಅಳಿಸಲಾಗದು.

ಅದೇ ವರ್ಷದ ಡಿಸೆಂಬರ್ 29ರಂದು ಲಿಡೆಲ್ ನಿವೃತ್ತಿ ಘೋಷಿಸಿದರು. ಯುಎಫ್‌ಸಿ ಅವರಿಗೆ ಉಪಾಧ್ಯಕ್ಷರ ಹುದ್ದೆ ಕೊಟ್ಟಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ವೈಟ್ ದೊಡ್ಡ ಮನಸ್ಸಿನವರು ಅಂದರು. ಅಲ್ಲೇ ಇರುವುದು ಮೋಸ. ಅದು ಪಿಂಚಣಿಯಾಗಿರಲಿಲ್ಲ, ಒಪ್ಪಂದದಲ್ಲಿ ಬರೆದ ಹಕ್ಕಾಗಿರಲಿಲ್ಲ. ಯಜಮಾನರು ಖುಷಿಯಾಗಿದ್ದಷ್ಟು ದಿನ ನಡೆಯುವ ಉಪಕಾರ. 2016ರಲ್ಲಿ ಫರ್ಟಿಟಾಗಳು ಕಂಪನಿಯನ್ನು ಸುಮಾರು 400 ಕೋಟಿ ಡಾಲರಿಗೆ ಮಾರಿ ಕೈ ತೊಳೆದುಕೊಂಡರು. 20 ಲಕ್ಷ ಹಾಕಿ 400 ಕೋಟಿ ತೆಗೆದ ವ್ಯಾಪಾರ! ಹೊಸ ಮಾಲೀಕರು ಖರ್ಚು ಕಡಿತಕ್ಕೆ ಹೊರಟಾಗ ಲಿಡೆಲ್ ಕೆಲಸ ಹೋಯಿತು, ಅವರಂತೆಯೇ ಇನ್ನೊಬ್ಬ ಹಳೆಯ ಚಾಂಪಿಯನ್ ಮ್ಯಾಟ್ ಹ್ಯೂಸ್‌ರ ಕೆಲಸವೂ ಹೋಯಿತು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು? ಎರಡೇ ವರ್ಷದಲ್ಲಿ ಲಿಡೆಲ್ ಇಂಗಲ್‌ವುಡ್‌ನಲ್ಲಿದ್ದರು. ಅಲ್ಲಿ ಅವರಿಗೆ ಅಧಿಕೃತವಾಗಿ ಸಂದದ್ದು ಎರಡೂವರೆ ಲಕ್ಷ ಡಾಲರ್.

ಇದಕ್ಕೆ ಎದುರು ವಾದಗಳಿವೆ. ಲಿಡೆಲ್ ಹಸಿದು ಬೀದಿಗೆ ಬಿದ್ದಿರಲಿಲ್ಲ, ಆಡುವ ಆಸೆಯಿಂದಲೇ ಮರಳಿದರು ಎನ್ನುತ್ತಾರೆ. ಇರಬಹುದು. ಆಸೆ ಆಟಗಾರನ ಸ್ವಭಾವ; ಅದಕ್ಕೆ ಬೇಲಿ ಹಾಕಲೆಂದೇ ಆಯೋಗಗಳಿರುವುದು. ವೈದ್ಯಕೀಯ ಪರೀಕ್ಷೆ ಪಾಸಾಗಿದ್ದರು ಎಂಬುದು ಆಯೋಗದ ಸಮಜಾಯಿಷಿ. ಆದರೆ ಪದೇ ಪದೇ ಪೆಟ್ಟು ಬಿದ್ದ ಮಿದುಳಿಗೆ ಅಂಟುವ ಸಿಟಿಇ ಎಂಬ ಕಾಯಿಲೆಯನ್ನು ಇವತ್ತಿಗೂ ಖಚಿತವಾಗಿ ಗುರುತಿಸಲಾಗುವುದು ಸತ್ತ ಮೇಲೆ ಮಾತ್ರ. ಸ್ಕ್ಯಾನ್ ಶುದ್ಧವಾಗಿ ಬಂತೆಂದರೆ ಮಿದುಳು ಶುದ್ಧವಾಗಿದೆ ಎಂದಲ್ಲ. ಸಾಲಾಗಿ ಮೂರು ಸಲ ಗುದ್ದಿಗೆ ಬಿದ್ದು, ಎಂಟು ವರ್ಷ ಕಣದಿಂದ ದೂರವಿದ್ದ 48ರ ಮನುಷ್ಯನ ದಾಖಲೆಗಿಂತ ದೊಡ್ಡ ಪರೀಕ್ಷಾ ವರದಿ ಬೇಕಿತ್ತೇ?

ಇನ್ನೊಂದು ವಾದ: ಹೋರಾಟಗಾರರು ಸ್ವತಂತ್ರ ಗುತ್ತಿಗೆದಾರರು, ನೌಕರರಲ್ಲ, ಅವರ ಮುಪ್ಪಿಗೆ ಕಂಪನಿ ಏಕೆ ಹೊಣೆ? ಈ ಸ್ವತಂತ್ರರು ಬೇರೆ ಸಂಸ್ಥೆಯ ಪಂದ್ಯ ಆಡುವಂತಿಲ್ಲ. ತಮ್ಮಿಷ್ಟದ ಪ್ರಾಯೋಜಕರ ಹೆಸರಿನ ಬಟ್ಟೆ ತೊಟ್ಟು ಯುಎಫ್‌ಸಿ ಕಣಕ್ಕಿಳಿಯುವಂತೆಯೂ ಇಲ್ಲ. ಬಾಸ್ಕೆಟ್‌ಬಾಲ್‌ನ ಎನ್‌ಬಿಎಯಲ್ಲಿ ಆದಾಯದ ಹೆಚ್ಚುಕಡಿಮೆ ಅರ್ಧ ಆಟಗಾರರಿಗೆ ಹೋಗುತ್ತದೆ, ಯುಎಫ್‌ಸಿಯಲ್ಲಿ ಅದು ಐದನೇ ಒಂದು ಭಾಗದ ಆಸುಪಾಸು ಎಂಬುದು ನ್ಯಾಯಾಲಯಕ್ಕೆ ಬಂದ ಕಾಗದಪತ್ರಗಳಿಂದಲೇ ಹೊರಬಿದ್ದಿದೆ. ಎನ್‌ಬಿಎಯಲ್ಲಿ ಒಕ್ಕೂಟವಿದೆ, ಇಲ್ಲಿಲ್ಲ. ವ್ಯತ್ಯಾಸದ ಗುಟ್ಟು ಅಷ್ಟೇ. 2014ರಲ್ಲಿ ಹೋರಾಟಗಾರ ಕಂಗ್ ಲೀ ಮತ್ತಿತರರು ಯುಎಫ್‌ಸಿ ವಿರುದ್ಧ ಹೂಡಿದ ದಾವೆ ಹತ್ತು ವರ್ಷ ಎಳೆದು ಕೊನೆಗೆ 37.5 ಕೋಟಿ ಡಾಲರಿಗೆ ರಾಜಿಯಾಯಿತು. ಪರಿಹಾರ ಸಿಗುವುದು 2010ರ ಡಿಸೆಂಬರ್ ನಡುವಿನಿಂದ 2017ರ ಜೂನ್‌ವರೆಗೆ ಯುಎಫ್‌ಸಿಯಲ್ಲಿ ಆಡಿದವರಿಗೆ. ಲಿಡೆಲ್ ಅಲ್ಲಿ ಕೊನೆಯ ಪಂದ್ಯ ಆಡಿದ್ದು ಅದಕ್ಕೂ ಆರು ತಿಂಗಳು ಮೊದಲು. ಮನೆ ಕಟ್ಟಿದವರಿಗೆ ಗೃಹಪ್ರವೇಶದ ಊಟವೂ ಇಲ್ಲ. ಇತ್ತ ಯುಎಫ್‌ಸಿ 2025ರಲ್ಲಿ ಪ್ಯಾರಾಮೌಂಟ್ ಜೊತೆ ಏಳು ವರ್ಷಕ್ಕೆ 770 ಕೋಟಿ ಡಾಲರಿನ ಪ್ರಸಾರ ಒಪ್ಪಂದ ಮಾಡಿಕೊಂಡಿದೆ.

ದಾರಿಯಿಲ್ಲ ಎನ್ನುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಬಾಕ್ಸರ್‌ಗಳಿಗೆ 1980ರ ದಶಕದಿಂದಲೇ ಪಿಂಚಣಿ ನಿಧಿಯಿದೆ. ಮಿಶ್ರ ಸಮರಕಲೆಯವರಿಗೂ ಅಂಥದ್ದೊಂದು ನಿಧಿ ಮಾಡುವ ಕಾನೂನನ್ನು ಆ ರಾಜ್ಯ 2023ರಲ್ಲಿ ತಂದಿತು. ಆದರೆ ಅದು ಒಂದು ರಾಜ್ಯದ ಕಥೆ, ಅದೂ ಅಲ್ಲಿ ಸಾಕಷ್ಟು ಸುತ್ತು ಆಡಿದವರಿಗೆ ಮಾತ್ರ. ಪಂದ್ಯಗಳ ರಾಜಧಾನಿ ಲಾಸ್ ವೇಗಸ್ ಇರುವುದು ಆ ಕಾನೂನು ತಲುಪದ ನೆವಾಡಾ ರಾಜ್ಯದಲ್ಲಿ.

ನಮಗೇಕೆ ಇದೆಲ್ಲ ಎನ್ನುವವರಿಗೆ ಒಂದು ಮಾತು. 2024ರ ಜೂನ್‌ನಲ್ಲಿ ಪೂಜಾ ತೋಮರ್ ಯುಎಫ್‌ಸಿಯಲ್ಲಿ ಗೆದ್ದ ಮೊದಲ ಭಾರತೀಯರಾದರು. ಬೆಂಗಳೂರಿನ ಜಿಮ್‌ಗಳಲ್ಲಿ ಈ ಆಟ ಕಲಿಯುವ ಹುಡುಗ–ಹುಡುಗಿಯರಿದ್ದಾರೆ. ಇದೇ ಬೆಂಗಳೂರಿನಲ್ಲಿ 2022ರ ಜುಲೈನಲ್ಲಿ ಕಿಕ್‌ಬಾಕ್ಸಿಂಗ್ ಪಂದ್ಯವೊಂದರಲ್ಲಿ ಏಟು ತಿಂದು ಬಿದ್ದ ಮೈಸೂರಿನ ಯುವಕ ಮತ್ತೆ ಏಳಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ತಂದೆ ಪೊಲೀಸರಿಗೆ ದೂರು ಕೊಟ್ಟರು. ಅಮೆರಿಕದಲ್ಲಿ ಬೈಯುವುದಕ್ಕಾದರೂ ಒಂದು ಆಯೋಗವಿದೆ.

ಹಾಗೆಂದು ನಮಗೆ ಈ ವಿಚಾರ ಹೊಸತೂ ಅಲ್ಲ. ಗರಡಿಯಲ್ಲಿ ಮೈ ಸವೆಸಿದ ಮಾಜಿ ಪೈಲ್ವಾನರಿಗೆ ಕರ್ನಾಟಕ ಸರ್ಕಾರ ಮಾಸಾಶನ ಕೊಡುತ್ತದೆ. ಮೊತ್ತ ದೊಡ್ಡದಲ್ಲ, ಆದರೆ ಮೈಯನ್ನೇ ಬಂಡವಾಳ ಮಾಡಿಕೊಂಡವರ ಮುಪ್ಪಿಗೆ ಸಮಾಜ ಹೊಣೆ ಎಂಬ ತತ್ವ ಅದರಲ್ಲಿದೆ. ಪಂಜರದ ಪಂದ್ಯಗಳಲ್ಲಿ ಟಿಕೆಟ್ ಮಾರುವವರು, ಪ್ರಸಾರದ ಹಕ್ಕು ಮಾರುವವರು ಖಾಸಗಿಯವರು. ಅಲ್ಲಿ ಹೊಣೆ ಅವರ ಹೆಗಲಿಗೇ ಬರಬೇಕು. ಕ್ರೀಡಾ ಇಲಾಖೆ ಇನ್ನೊಂದು ಸಾವಿಗೆ ಕಾಯದೆ ನಿಯಮ ಮಾಡಲಿ: ಪಂಜರದ ಪಕ್ಕ ವೈದ್ಯರು, ಬಾಗಿಲಲ್ಲಿ ಆಂಬುಲೆನ್ಸ್, ಆಡುವವರಿಗೆ ವಿಮೆ, ಟಿಕೆಟ್ ಹಣದಲ್ಲಿ ನಿವೃತ್ತಿ ನಿಧಿಗೊಂದು ಪಾಲು. ಇಷ್ಟಕ್ಕೆ ಒಪ್ಪದ ಸಂಘಟಕರಿಗೆ ಪಂದ್ಯ ನಡೆಸಲು ಅನುಮತಿ ಕೊಡಬಾರದು.