ಹಳೆಯ ಗುಳಿಗೆ, ಹೊಸ ಗುಳಿಗೆ

ರಕ್ತದೊತ್ತಡವು ಇಂದು ಮನೆಮನೆಯ ಮಾತಾಗಿದೆ. ಇಬ್ಬರು ಹಿರಿಯರು ಕೂಡಿದೊಡನೆ ‘ನಿಮ್ಮದು ಯಾವ ಗುಳಿಗೆ?’ ಎಂದು ವಿಚಾರಿಸಿಕೊಳ್ಳುವುದು ರೂಢಿ. ಹೊಸತೇ ಉತ್ತಮ, ಬೆಲೆ ಹೆಚ್ಚಿನದೇ ಮೇಲು ಎಂಬ ಭಾವನೆಯೂ ಬೇರೂರಿದೆ. ಇದು ಎಷ್ಟರಮಟ್ಟಿಗೆ ಸರಿಯೆಂಬುದನ್ನು ಪರಾಮರ್ಶಿಸುವುದು ಅವಶ್ಯವೆಂದು ನಾವು ಭಾವಿಸುತ್ತೇವೆ.

ಇದೇ ಪ್ರಶ್ನೆಗೆ ಉತ್ತರ ಕಾಣಲು ಅಮೆರಿಕೆಯಲ್ಲಿ ಸರ್ಕಾರದ ನೆರವಿನಿಂದ 1994ರಲ್ಲಿ ‘ಆಲ್‌ಹ್ಯಾಟ್’ ಎಂಬ ಬೃಹತ್ ಪ್ರಯೋಗ ಆರಂಭವಾಯಿತು. 55 ವರ್ಷ ತುಂಬಿದ, 42,000ಕ್ಕೂ ಮಿಕ್ಕ ರೋಗಿಗಳನ್ನು ನಾಲ್ಕು ಗುಂಪುಗಳನ್ನಾಗಿ ವಿಂಗಡಿಸಿ, ಗುಂಪಿಗೊಂದು ಬಗೆಯ ಔಷಧಿಯನ್ನು ಕೊಡಲಾಯಿತು. ಅವುಗಳಲ್ಲಿ ಡಾಕ್ಸಜೋಸಿನ್ ಎಂಬುದನ್ನು 2000ದಲ್ಲಿ ನಡುವೆಯೇ ಕೈಬಿಡಬೇಕಾಯಿತು. ಅದು ಒತ್ತಡವನ್ನು ಇಳಿಸುತ್ತಿತ್ತು, ನಿಜ. ಆದರೆ ಅದನ್ನು ಸೇವಿಸಿದವರಲ್ಲಿ ಹೃದಯವೈಫಲ್ಯವು, ಹಳೆಯ ಮೂತ್ರವರ್ಧಕವಾದ ಕ್ಲೋರ್ಥಾಲಿಡೋನ್ ಸೇವಿಸಿದವರಿಗಿಂತ ಸುಮಾರು ಇಮ್ಮಡಿಯಾಗಿ ಕಂಡುಬಂದಿತು. ಯಂತ್ರದ ಅಂಕಿ ಇಳಿದ ಮಾತ್ರಕ್ಕೆ ಎಲ್ಲ ಔಷಧಿಗಳೂ ಸಮಾನ ರಕ್ಷಣೆ ನೀಡುತ್ತವೆಂದು ತಿಳಿಯಲಾಗದು.

ಉಳಿದ ಮೂರರ ಫಲಿತಾಂಶ 2002ರ ಡಿಸೆಂಬರಿನಲ್ಲಿ ಪ್ರಕಟವಾಯಿತು. ಹೃದಯಾಘಾತವನ್ನು ತಡೆಯುವಲ್ಲಿ ಕ್ಲೋರ್ಥಾಲಿಡೋನ್, ಅಮ್ಲೋಡಿಪಿನ್, ಲಿಸಿನೊಪ್ರಿಲ್ ಮೂರೂ ಸರಿಸಮವೆನಿಸಿದವು. ಹೃದಯವೈಫಲ್ಯವನ್ನು ತಡೆಯುವಲ್ಲಿ ಮಾತ್ರ ಹಳೆಯದೂ ಅಗ್ಗವೂ ಆದ ಕ್ಲೋರ್ಥಾಲಿಡೋನ್ ಉಳಿದೆರಡಕ್ಕಿಂತ ಮೇಲಾಯಿತು.

ಹಾಗೆಂದು ಎಲ್ಲರೂ ಅದನ್ನೇ ಸೇವಿಸಬೇಕೆಂದು ಅರ್ಥವಲ್ಲ. ಕ್ಲೋರ್ಥಾಲಿಡೋನ್ ರಕ್ತದಲ್ಲಿಯ ಪೊಟ್ಯಾಸಿಯಮ್ಮನ್ನು ತಗ್ಗಿಸಬಹುದು; ಅಮ್ಲೋಡಿಪಿನ್‌ನಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ; ಲಿಸಿನೊಪ್ರಿಲ್‌ನಿಂದ ಒಣಕೆಮ್ಮು ಬರಬಹುದು, ಗರ್ಭಿಣಿಯರಂತೂ ಅದನ್ನು ಸೇವಿಸಲೇಬಾರದು. ಆದರೆ ಸಕ್ಕರೆ ಕಾಯಿಲೆಯಿಂದ ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿರುವವರಿಗೆ ಅದೇ ವರ್ಗದ ಔಷಧಿ ಮೂತ್ರಪಿಂಡದ ರಕ್ಷಣೆಗೆ ನೆರವಾಗುತ್ತದೆ. ಅನೇಕರಿಗೆ ಎರಡು ಬಗೆಯ ಔಷಧಿಗಳು ಕೂಡಿಯೇ ಬೇಕಾಗುತ್ತವೆ. ಆದ್ದರಿಂದ ನೆರೆಯವರ ಗುಳಿಗೆ ನಮ್ಮ ದೇಹಕ್ಕೆ ಅಳತೆಗೋಲಾಗದು.

ಬೆಲೆ ಭಾರವಾಯಿತೆಂದು ದಿನ ಬಿಟ್ಟು ದಿನ ಗುಳಿಗೆ ಸೇವಿಸುವ ಹಿರಿಯರನ್ನೂ, ತಲೆಸುತ್ತು ನಿಂತಿತೆಂದು ಅದನ್ನು ಪೂರ್ತಿ ಬಿಟ್ಟವರನ್ನೂ ನಾವು ಕಂಡಿದ್ದೇವೆ. ರಕ್ತದೊತ್ತಡವು ಬಹುಮಂದಿಯಲ್ಲಿ ಯಾವ ಲಕ್ಷಣವನ್ನೂ ತೋರದೆ ಏರುತ್ತದೆ. ಅದರ ಪರಿಣಾಮವಾಗಿ ಪಾರ್ಶ್ವವಾಯು ಬಡಿದಾಗ ಕಷ್ಟ ಇಡೀ ಮನೆತನದ ಪಾಲಾಗುತ್ತದೆ. ಬೆಲೆ ನಿಲುಕದಿದ್ದರೆ ಗುಳಿಗೆಯನ್ನು ಬಿಡದೆ, ‘ಇದಕ್ಕಿಂತ ಅಗ್ಗದ್ದು ನನಗೆ ಹೊಂದುವುದೇ?’ ಎಂದು ವೈದ್ಯರನ್ನು ನಿಸ್ಸಂಕೋಚವಾಗಿ ಕೇಳಬೇಕು. ಮನೆಯ ಕಿರಿಯರು ಹಿರಿಯರ ಜೊತೆಗೆ ಹೋಗಿ ಈ ಮಾತನ್ನು ಕೇಳಿದರೆ ಇನ್ನೂ ಒಳಿತು.