ಕಿಡ್ನಿ ಕಸಿಯಾದ ಮಗು ಚೆನ್ನಾಗಿದೆ, ಇನ್ನು ಮಾತ್ರೆ ನಿಲ್ಲಿಸಬಹುದೇ?

ಕಸಿಯಾದ ಮಗು ಶಾಲೆಗೆ ಹೋಗುತ್ತಿದೆ, ಆಡುತ್ತಿದೆ. ‘ಅಮ್ಮನದೇ ಕಿಡ್ನಿ, ಇನ್ನೆಷ್ಟು ದಿನ ಮಾತ್ರೆ?’ ಎಂದು ನೆಂಟರು ಕೇಳುತ್ತಾರೆ. ಮಾತ್ರೆ ನಿಲ್ಲಿಸಬಹುದೇ? ಇಲ್ಲ. ಏಕೆ ಎಂದು ನೋಡೋಣ.

ಮಗುವಿನ ವಂಶವಾಹಿಗಳಲ್ಲಿ ಅರ್ಧ ಮಾತ್ರ ಅಮ್ಮನವು. ಹಾಗಾಗಿ ಅಮ್ಮನ ಕಿಡ್ನಿಯನ್ನೂ ದೇಹ ಹೊರಗಿನದೆಂದೇ ಗುರುತಿಸುತ್ತದೆ. 1954ರಲ್ಲಿ ಬಾಸ್ಟನ್‌ನಲ್ಲಿ ನಡೆದ ಮೊದಲ ಯಶಸ್ವಿ ಕಿಡ್ನಿ ಕಸಿಯಲ್ಲಿ ದಾನಿ ಮತ್ತು ರೋಗಿ ತದ್ರೂಪಿ ಅವಳಿಗಳು; ಆದ್ದರಿಂದಲೇ ದೇಹ ಅದನ್ನು ತಿರಸ್ಕರಿಸಲಿಲ್ಲ. ಉಳಿದವರಿಗೆ ಟ್ಯಾಕ್ರೋಲಿಮಸ್‌ನಂಥ ಔಷಧಿಗಳು ರೋಗನಿರೋಧಕ ಶಕ್ತಿಯನ್ನು ತಗ್ಗಿಸಿ ಕಿಡ್ನಿಯನ್ನು ಕಾಯುತ್ತವೆ. ಕಿಡ್ನಿ ಕೆಲಸ ಮಾಡುವಷ್ಟು ಕಾಲವೂ ಅವು ಬೇಕು.

ಮಾತ್ರೆ ತಪ್ಪಿದರೆ ಎಷ್ಟೋ ಸಲ ನೋವೂ ಇರುವುದಿಲ್ಲ, ಜ್ವರವೂ ಬರುವುದಿಲ್ಲ. ರಕ್ತದಲ್ಲಿ ಕ್ರಿಯಾಟಿನಿನ್ ಮಾತ್ರ ಏರುತ್ತದೆ. ಮುಖ ಊದಿಕೊಳ್ಳುವ ಹೊತ್ತಿಗೆ ಕಿಡ್ನಿಗೆ ಸಾಕಷ್ಟು ಹಾನಿಯಾಗಿರಬಹುದು. ಅದಕ್ಕೇ ಮಗು ಲವಲವಿಕೆಯಿಂದ ಇದ್ದರೂ ತಪಾಸಣೆ ಬಿಡಬಾರದು.

ಬಸವಕಲ್ಯಾಣ, ಹುಮನಾಬಾದ್ ಕಡೆಯವರಿಗೆ ಮಕ್ಕಳ ಕಿಡ್ನಿ ತಜ್ಞರೆಂದರೆ ಹೈದರಾಬಾದ್ ಅಥವಾ ಬೆಂಗಳೂರಿನಂಥ ದೂರದ ಊರಿನ ಪ್ರಯಾಣ. ಆದ್ದರಿಂದ ಈ ಸಂಗತಿಗಳು ನೆನಪಿರಲಿ:

• ಟ್ಯಾಕ್ರೋಲಿಮಸ್ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆಯನ್ನು ರಕ್ತ ಕೊಟ್ಟ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಲೆಕ್ಕ ತಪ್ಪುತ್ತದೆ.

• ಮಾತ್ರೆ ಮುಗಿಯುವ ಮೊದಲೇ ತಂದಿಟ್ಟುಕೊಳ್ಳಿ. ವಾಂತಿ, ಭೇದಿ, ಜ್ವರ ಬಂದರೆ ಅಂದೇ ಕಸಿ ಕೇಂದ್ರಕ್ಕೆ ಫೋನ್ ಮಾಡಿ.

• ಊರಿನ ಡಾಕ್ಟರಿಗೆ, ಔಷಧಿ ಅಂಗಡಿಯವರಿಗೆ ಕಸಿಯ ವಿಷಯ ಮೊದಲೇ ಹೇಳಿ. ಐಬುಪ್ರೊಫೆನ್ ಕಿಡ್ನಿಗೆ ಹಾನಿ ಮಾಡಬಲ್ಲದು. ಕ್ಲಾರಿಥ್ರೊಮೈಸಿನ್ ಮತ್ತು ಚಕ್ಕೋತ ಹಣ್ಣು ಟ್ಯಾಕ್ರೋಲಿಮಸ್ ಮಟ್ಟ ಏರಿಸಬಲ್ಲವು.

• ಬಾಯಿಗೆ ಹಾಕುವ ಪೋಲಿಯೊ ಹನಿ, ದಡಾರ ಲಸಿಕೆಯಂಥ ಜೀವಂತ ಲಸಿಕೆಗಳನ್ನು ಕಸಿ ತಜ್ಞರನ್ನು ಕೇಳದೆ ಹಾಕಿಸಬೇಡಿ. ಮನೆಯ ಪುಟ್ಟ ಮಕ್ಕಳ ಪೋಲಿಯೊ ಹನಿಯ ಬಗ್ಗೆಯೂ ಕೇಳಿ.

‘ಇಮ್ಯುನಿಟಿ ಹೆಚ್ಚಿಸುವ ಕಷಾಯ’ದ ಫಾರ್ವರ್ಡ್‌ಗಳು ಎಲ್ಲರ ಮೊಬೈಲಿಗೂ ಬರುತ್ತವೆ. ಈ ಮಗುವಿಗೆ ಔಷಧಿ ಕೊಡುತ್ತಿರುವುದೇ ಆ ಶಕ್ತಿಯನ್ನು ಹದ್ದುಬಸ್ತಿನಲ್ಲಿಡಲು. ಕಷಾಯ ಕುಡಿಸಿದರೆ ಉಪಕಾರಕ್ಕಿಂತ ಅಪಾಯವೇ ಹೆಚ್ಚಾಗಬಹುದು.

ಹದಿಹರೆಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಸ್ಟೀರಾಯ್ಡ್‌ನಿಂದ ಮುಖ ದುಂಡಗಾದಾಗ, ಎತ್ತರ ಕಡಿಮೆಯಾದಾಗ ಗೆಳೆಯರು ಆಡಿಕೊಳ್ಳುತ್ತಾರೆ; ಮಕ್ಕಳು ಯಾರಿಗೂ ಹೇಳದೆ ಮಾತ್ರೆ ಬಿಡುತ್ತಾರೆ. ಈ ವಯಸ್ಸಿನಲ್ಲೇ ಕಸಿ ಕಿಡ್ನಿ ಕಳೆದುಕೊಳ್ಳುವ ಅಪಾಯ ಹೆಚ್ಚು. ಬೈದರೆ ಮುಚ್ಚಿಡುತ್ತಾರೆ. ಮೊಬೈಲಿನಲ್ಲಿ ಅಲಾರಾಂ ಇಡಿ, ಅವರ ಬೇಸರವನ್ನು ಡಾಕ್ಟರ ಮುಂದೆ ಅವರೇ ಹೇಳಲಿ. ಎಷ್ಟೋ ಸಲ ಡೋಸ್ ಬದಲಿಸಲು ಸಾಧ್ಯವಿರುತ್ತದೆ. ಆದರೆ ಬದಲಿಸಬೇಕಾದವರು ಡಾಕ್ಟರೇ. ನಾವಲ್ಲ, ನೆಂಟರಲ್ಲ, ವಾಟ್ಸ್‌ಆ್ಯಪ್ ಅಲ್ಲ.