ಗಣಿಯಂತ್ರವೂ ಕಾರ್ಮಿಕನ ಉಸಿರೂ

ಗಣಿಗೆ ವಿದ್ಯುತ್ತು ಹೊಸದಲ್ಲ. 1902ರಲ್ಲಿಯೇ ಶಿವನಸಮುದ್ರದ ಜಲವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿ, ಉಗಿಯಂತ್ರಗಳ ಸ್ಥಾನವನ್ನು ಕ್ರಮೇಣ ಪಡೆಯಿತೆಂಬುದನ್ನು ನಾವು ಬಲ್ಲೆವು. ಆದರೆ ಲೋಕದ ಅನೇಕ ಗಣಿಗಳಲ್ಲಿ, ಸುರಂಗದೊಳಗೆ ಓಡಾಡುತ್ತ ಅದಿರು ಹೊರುವ ವಾಹನಗಳಿಗೆ ಮುಂದೆ ಡೀಸೆಲೇ ಆಧಾರವಾಯಿತು. ಬಯಲಿನ ಹೊಗೆ ಗಾಳಿಯಲ್ಲಿ ಚೆದುರೀತು. ನೆಲದಡಿಯ ಹೊಗೆಯನ್ನು ಕಾರ್ಮಿಕನೇ ಉಸಿರಾಡಬೇಕು. ಆ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರಲ್ಲಿ ಸಾರಿತು.

ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ 2019ರಲ್ಲಿ ಆರಂಭವಾದ ಬೋರ್ಡನ್ ಚಿನ್ನದ ಗಣಿಯಲ್ಲಿ ಬಂಡೆ ಕೊರೆಯಲು, ಅದಿರು ತುಂಬಲು ಬ್ಯಾಟರಿ ಯಂತ್ರಗಳನ್ನು ಇಳಿಸಿದರು. ಇಂಥ ಯಂತ್ರಗಳು ಹೊಗೆ ಉಗುಳವು, ಬಿಸಿಯೂ ಕಡಿಮೆ. ಆದ್ದರಿಂದ ಸುರಂಗಕ್ಕೆ ಗಾಳಿ ತಳ್ಳುವ ಫ್ಯಾನುಗಳ ವೆಚ್ಚವೂ ತಗ್ಗುತ್ತದೆ.

ಈ ಯಂತ್ರಗಳ ಬೆಲೆ ಹೆಚ್ಚೆಂಬುದು ದಿಟ. ನಮ್ಮ ದೇಶದ ವಿದ್ಯುತ್ತಿನ ಬಹುಪಾಲು ಇಂದಿಗೂ ಕಲ್ಲಿದ್ದಲಿನಿಂದಲೇ ಬರುತ್ತಿದೆಯೆಂಬುದೂ ದಿಟ. ಬಂಡೆಯ ಧೂಳಂತೂ ಯಂತ್ರ ಬದಲಾದ ಮಾತ್ರಕ್ಕೆ ಅಡಗದು. ಆದರೂ ಗಣಿಯ ಒಡೆಯರು ಲೆಕ್ಕ ಬರೆಯುವಾಗ ಡೀಸೆಲ್ಲಿನ ಖರ್ಚಿನ ಪಕ್ಕದಲ್ಲಿ ಕಾರ್ಮಿಕನ ಆರೋಗ್ಯವನ್ನೂ ಇಟ್ಟು ತೂಗಬೇಕು. ದುಡಿಯಲು ಹೋದ ತಂದೆ ನೆಮ್ಮದಿಯ ಉಸಿರಿನೊಡನೆ ಮನೆಗೆ ಮರಳಬೇಕೆಂಬುದೇ ನಮ್ಮ ಆಶಯ.